ರಕ್ತ ತೆಗೆದ ಕೈ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಳಿಯನ ಬಲಗೈ ಮುರಿದದ್ದು ನಾನೇ. ಲಾರಿಯ ಜಾಕಿ ಲಿವರಿನಿಂದ, ಪಾಣೆಮಂಗಳೂರಿನ ಅವನದೇ ಅಂಗಡಿಯೊಳಗೆ, ಹಗಲು ಹನ್ನೊಂದು ಗಂಟೆಗೆ, ನಾಲ್ಕು ಜನ ನೋಡುತ್ತಿರುವಾಗಲೇ. ಕದ್ದುಮುಚ್ಚಿ ಮಾಡುವ ಜಾಯಮಾನ ನನ್ನದಲ್ಲ. ಸಿದ್ಧಕಟ್ಟೆ ಪೇಟೆಯಲ್ಲಿ ಚಾ ಕುಡಿಯುತ್ತಾ ‘ಕುಶಾಲಪ್ಪ ಗೌಡ ಹಾಗೆ ಮಾಡಿದನಂತೆ, ಹೌದಾ’ ಎಂದು ಪಿಸುಗುಟ್ಟುವವರು ನನ್ನನ್ನೇ ಕೇಳಲಿ. ಹೌದು, ಮಾಡಿದೆ. ಯಾಕೆ ಎಂಬುದನ್ನೂ ಕೇಳಿಕೊಂಡು ಹೋಗಲಿ.

ನಾನು ಕೆಂಪುಕಲ್ಲಿನ ಲಾರಿ ಓಡಿಸುವವನು. ಮೂವತ್ತೆರಡು ವರ್ಷ ಆಯಿತು. ಕಲ್ಲಿನ ಕೋರೆಯಿಂದ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ, ಎಲ್ಲಿ ಮನೆ ಕಟ್ಟುತ್ತಾರೋ ಅಲ್ಲಿಗೆ. ಲೋಡು ಮಾಡುವವರು ಬಾರದ ದಿನ ನಾನೇ ಇನ್ನೂರು ಕಲ್ಲು ಎತ್ತಿ ಹಾಕಿದ್ದುಂಟು. ನನ್ನ ಕೈ ಅಂಥದ್ದು. ಕೋಪವೂ ಅಂಥದ್ದೇ, ಮೂಗಿನ ತುದಿಯಲ್ಲೇ ಕೂತಿರುತ್ತದೆ. ಸೈಡ್ ಕೊಡದ ಬಸ್ಸಿನ ಡ್ರೈವರನ್ನು ಇಳಿಸಿ ಬಾರಿಸಿದ್ದೇನೆ. ಕಲ್ಲಿನ ಲೆಕ್ಕದಲ್ಲಿ ಮೋಸ ಮಾಡಿದ ಮೇಸ್ತ್ರಿಯ ಎರಡು ಹಲ್ಲು ಕೋರೆಯಲ್ಲೇ ಉದುರಿಸಿದ್ದೇನೆ. ‘ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದುಂಟಾ’ ಎಂದು ನನ್ನ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಮೂಗು ನನ್ನದಲ್ಲವಲ್ಲ, ನಾನು ಯಾಕೆ ತಲೆಬಿಸಿ ಮಾಡಬೇಕು?

ಇನ್ನೊಂದು ಮಾತನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನಾನು ಅಮ್ಮಣಿಗೆ ಹೊಡೆಯುತ್ತಿದ್ದೆ. ಅಮ್ಮಣಿ ನನ್ನ ಹೆಂಡತಿ. ದಿನಾ ಅಲ್ಲ, ಕುಡಿದೂ ಅಲ್ಲ, ನಾನು ಕುಡಿಯುವುದಿಲ್ಲ. ಎದುರು ಮಾತಾಡಿದರೆ, ಹೇಳಿದ ಕೆಲಸ ಆಗದಿದ್ದರೆ, ಒಂದು ಕೊಡುತ್ತಿದ್ದೆ. ನನ್ನ ಅಪ್ಪನೂ ಕೊಡುತ್ತಿದ್ದ. ಮಗಳ ಎದುರು ಮಾತ್ರ ಯಾವತ್ತೂ ಕೈ ಎತ್ತಲಿಲ್ಲ, ಅದು ನನ್ನ ನಿಯಮ. ಅಮ್ಮಣಿಯೂ ಮನೆಯ ಮರ್ಯಾದೆ ಉಳಿಸಿದವಳು. ಯಾರು ಕೇಳಿದರೂ ‘ಕಟ್ಟಿಗೆ ಒಡೆಯುವಾಗ ತಾಗಿತು’, ‘ದನ ಹಾಯ್ದಿತು’, ‘ಅಂಗಳದಲ್ಲಿ ಪಾಚಿ, ಜಾರಿದೆ’ ಎನ್ನುತ್ತಿದ್ದಳು. ಹೇಳುವಾಗ ನೆಲ ನೋಡುತ್ತಿದ್ದಳು. ಹೀಗಾಗಿ ಪೆಟ್ಟಿನ ಗುರುತಿನ ವಿಷಯದಲ್ಲಿ ನನಗೆ ಯಾವ ಡಾಕ್ಟರೂ ಪಾಠ ಮಾಡಬೇಕಾಗಿಲ್ಲ. ಮೊದಲ ದಿನ ಕೆಂಪು, ಮೂರನೆಯ ದಿನ ನೇರಳೆ, ವಾರ ಕಳೆದರೆ ಹಸಿರು, ಆಮೇಲೆ ಅರಸಿನ ಬಣ್ಣ. ಒಳಗೆ ಗಂಟು ಕಟ್ಟಿದರೆ ಇನ್ನೂ ತಡ.

ನಮಗೆ ಒಬ್ಬಳೇ ಮಗಳು, ಭವ್ಯಶ್ರೀ. ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದವಳು. ಹರಕೆ ಹೇಳದ ದೈವವಿಲ್ಲ, ಸುತ್ತದ ದೇವಸ್ಥಾನವಿಲ್ಲ. ಅವಳು ನಡೆಯಲು ಕಲಿಯುವವರೆಗೆ ನನ್ನ ಲಾರಿಯ ಸೀಟಿನಲ್ಲೇ ಮಲಗಿ ಬೆಳೆದಳು. ಉಜಿರೆಯ ಕಾಲೇಜಿನಲ್ಲಿ ಬಿ.ಕಾಂ. ಮಾಡಿದಳು. ಆಮೇಲೆ ದಯಾನಂದನನ್ನು ಒಪ್ಪಿದಳು. ದಯಾನಂದ ಪಾಣೆಮಂಗಳೂರಿನಲ್ಲಿ ಟೈಲರ್. ನಮ್ಮ ಜಾತಿಯವನೇ, ಮನೆಯೂ ಉಂಟು, ಅಂಗಡಿಯೂ ಉಂಟು, ಆದರೆ ನನಗೆ ಕಣ್ಣಿಗೆ ಹಿಡಿಯಲಿಲ್ಲ. ಸೂಜಿಗೆ ನೂಲು ಪೋಣಿಸಿಕೊಂಡು ಕೂರುವ ಗಂಡಸು, ಮಾತು ಕೇಳಬೇಕಾದರೆ ಕಿವಿಯನ್ನು ಅವನ ಬಾಯಿಯ ಹತ್ತಿರ ಇಡಬೇಕು. ಇಂಥವನು ಹೊರಗೆ ಬೆಕ್ಕು, ಒಳಗೆ ಹುಲಿ ಎಂದು ನಾನು ಮದುವೆಯ ದಿನವೇ ಅಂದುಕೊಂಡಿದ್ದೆ.

ಮಗಳು ಬಸುರಾಗಿ ಏಳು ತಿಂಗಳಾಯಿತು. ಸೀಮಂತ ಗಂಡನ ಮನೆಯಲ್ಲಿ, ಅಲ್ಲಿಂದ ಅದೇ ದಿನ ತವರಿಗೆ ಕರೆದುಕೊಂಡು ಬರುವುದು, ಚೊಚ್ಚಲ ಹೆರಿಗೆ ನಮ್ಮಲ್ಲಿ. ಇದು ಕ್ರಮ. ನಾನು ಚಾವಡಿಯ ಪಕ್ಕದ ಕೋಣೆಗೆ ಬಣ್ಣ ಹೊಡೆಸಿದ್ದೆ, ಹಂಡೆ ತಿಕ್ಕಿಸಿದ್ದೆ, ತೊಟ್ಟಿಲಿಗೆ ಹೊಸ ಹಗ್ಗ ತಂದಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಮಗು ನನ್ನ ಮನೆಯಲ್ಲಿ ಮೊದಲು ಅಳಬೇಕು, ಅದನ್ನು ನಾನು ಎತ್ತಿಕೊಂಡು ಅಂಗಳದಲ್ಲಿ ತಿರುಗಬೇಕು. ಮೂವತ್ತೆರಡು ವರ್ಷ ಕಲ್ಲು ಹೊತ್ತವನಿಗೆ ಇದು ದೊಡ್ಡ ಆಸೆಯಾ?

ಸೀಮಂತದ ದಿನ ಹೆಂಗಸರು ಬಳೆ ತೊಡಿಸುತ್ತಿದ್ದರು. ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದೆ. ಆ ಸೆಕೆಯಲ್ಲಿ ಮಗಳು ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಹಾಕಿದ್ದಳು. ಗಂಡನೇ ಹೊಲಿದು ಕೊಟ್ಟದ್ದಂತೆ. ಯಾರೋ ಅತ್ತೆ ಎಡಗೈಯ ತೋಳನ್ನು ಮೇಲಕ್ಕೆ ಸರಿಸಿ ಹಸಿರು ಬಳೆ ಒತ್ತಿದಳು ನೋಡಿ, ಮಗಳು ‘ಅಮ್ಮಾ’ ಎಂದು ಕಿರುಚಿದಳು. ಹಳದಿ ಕಲೆಯೊಂದು ಕಂಡಿತು. ನಾನು ಎದ್ದು ನಿಲ್ಲುವುದರೊಳಗೆ ದಯಾನಂದ ಓಡಿಬಂದು ತೋಳನ್ನು ಕೆಳಗೆ ಎಳೆದ. ‘ಬಳೆ ಸಾಕು ಅತ್ತೆ, ಬಲಗೈಗೆ ಹಾಕಿ’ ಎಂದ.

ಊಟದ ನಂತರ ಕೈ ತೊಳೆಯಲು ಹಿತ್ತಲಿಗೆ ಹೋದೆ. ಗೋಡೆಯ ಆಚೆ ಅವನ ಸ್ವರ. ಯಾವತ್ತೂ ಕೇಳಿಸದ ಸ್ವರ ಅವತ್ತು ಸರಿಯಾಗಿ ಕೇಳಿಸಿತು: ‘ಕೈ ಯಾರಿಗೂ ತೋರಿಸಬೇಡ ಮಾರಾಯ್ತಿ. ನೋಡಿದ್ರೆ ಇವರೆಲ್ಲ ಸುಮ್ಮನೆ ಇರುವುದಿಲ್ಲ.’

ನನ್ನ ತಲೆಯೊಳಗೆ ಬೆಂಕಿ ಹತ್ತಿತು. ಅಲ್ಲೇ ಹಿಡಿಯಬಹುದಿತ್ತು. ಆದರೆ ಮನೆ ತುಂಬ ನೆಂಟರು, ಮಗಳು ಮಡಿಲು ತುಂಬಿಸಿಕೊಂಡು ಕೂತಿದ್ದಾಳೆ. ಹಲ್ಲು ಕಚ್ಚಿ ಸುಮ್ಮನಿದ್ದು, ಸಂಜೆ ಅವಳನ್ನು ಕಾರಿನಲ್ಲಿ ಕೂರಿಸಿ ಮನೆಗೆ ಕರೆತಂದೆ. ಮೊದಲು ಮಗಳು ನನ್ನ ಹೊಸ್ತಿಲಿನ ಒಳಗೆ ಬರಲಿ, ಆಮೇಲೆ ನೋಡುವ ಎಂದುಕೊಂಡೆ.

ಮರುದಿನ ಸೋಮವಾರ. ಬೆಳಿಗ್ಗೆ ಅವಳು ಜಗಲಿಯ ಬಿಸಿಲಿನಲ್ಲಿ ಕೂತು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎಡಗೈಯ ಮೇಲೆ ಹಿಡಿದುಕೊಂಡಿದ್ದಳು. ನಾನು ಹೋಗಿ ಬಟ್ಟೆ ತೆಗೆದೆ. ಮೊಣಕೈಯ ಒಳಬದಿಯಲ್ಲಿ ಅಂಗೈ ಅಗಲದ ಕಲೆ, ನಡುವೆ ಹಸಿರು, ಅಂಚಿನಲ್ಲಿ ಅರಸಿನ. ಅಲ್ಲಿಂದ ಮಣಿಕಟ್ಟಿನ ಕಡೆಗೆ ಚರ್ಮದ ಅಡಿಯಲ್ಲಿ ಹುರಿಹಗ್ಗದ ಹಾಗೆ ಗಟ್ಟಿಯಾಗಿ ಎದ್ದ ನರ, ಅದರ ಮೇಲೆ ಮೂರು ಗಂಟು. ಒಂದು ಕಡಲೆಯಷ್ಟು, ಉಳಿದೆರಡು ಹೆಸರುಕಾಳಿನಷ್ಟು. ಮೊಣಕೈಯಿಂದ ಮೇಲೆ ತೋಳಿನ ಸುತ್ತ ಇನ್ನೊಂದು ಮಾಸಿದ ಪಟ್ಟಿ. ಹಿಡಿದು ತಿರುಚಿದರೆ ಬೀಳುವ ಪಟ್ಟಿ. ನನಗೆ ಗೊತ್ತಿಲ್ಲವಾ ಅದು?

‘ಇದು ಎಂತದು?’ ಎಂದೆ.

‘ಎಂತ ಇಲ್ಲ ಅಪ್ಪ. ಲ್ಯಾಬಿನಲ್ಲಿ ರಕ್ತ ತೆಗೆದದ್ದು, ಸಕ್ಕರೆ ಟೆಸ್ಟಿಗೆ.’

‘ಯಾವಾಗ?’

‘ಹದಿನೈದು ದಿನ ಆಯ್ತು.’

‘ಸೂಜಿ ಚುಚ್ಚಿದ್ದು ಹದಿನೈದು ದಿನ ಇರ್ತದಾ? ಗಂಟು ಕಟ್ತದಾ?’

‘ಡಾಕ್ಟ್ರು ನೋಡಿದ್ದಾರೆ ಅಪ್ಪ. ನರದ ಒಳಗೆ ರಕ್ತ ಹೆಪ್ಪುಗಟ್ಟಿದ್ದಂತೆ. ಕೆಲವರಿಗೆ ಹಾಗೆ ಆಗ್ತದಂತೆ. ನೋವು ಉಂಟು, ಆದರೆ ಹೆದರಲಿಕ್ಕೆ ಇಲ್ಲ, ಒಂದೆರಡು ತಿಂಗಳಲ್ಲಿ ತನ್ನಷ್ಟಕ್ಕೆ ಕರಗ್ತದೆ ಅಂತ ಹೇಳಿದ್ದಾರೆ.’

ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ಅಲ್ಲಿಗೆ ನನಗೆ ಬೇಕಾದ ಸಾಕ್ಷಿ ಸಿಕ್ಕಿತು.

‘ದಯಾನಂದ ಹೊಡೆದನಾ?’

‘ಅಯ್ಯೋ ದೇವರೇ! ಎಂತ ಮಾತಾಡ್ತೀರಿ ಅಪ್ಪ? ಅವರು ಇರುವೆಗೂ ಹೊಡೆಯುವವರಲ್ಲ.’ ಅವಳ ಕಣ್ಣಲ್ಲಿ ನೀರು ಬಂತು. ಹೊಡೆತ ತಿಂದವಳು ಗಂಡನ ಹೆಸರು ಹೇಳುತ್ತಾಳಾ? ನನ್ನ ಮನೆಯಲ್ಲೇ ಮೂವತ್ತು ವರ್ಷ ಒಬ್ಬಳು ಹೇಳಲಿಲ್ಲ.

ಅಡುಗೆಮನೆಗೆ ಹೋಗಿ ಅಮ್ಮಣಿಯನ್ನು ಕೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು. ‘ಅವಳು ಹೇಳಿದ್ದು ಹೌದು’ ಎಂದಳು, ‘ಫೋನಿನಲ್ಲೂ ಹೇಳಿದ್ದಳು. ಇಲ್ಲದ್ದನ್ನೆಲ್ಲ ಕಲ್ಪಿಸಬೇಡಿ. ಆ ಹುಡುಗ ಹಾಗೆ ಮಾಡುವವನಲ್ಲ, ನಿಮ್ಮ ಹಾಗೆ ಅಲ್ಲ.’

ನಿಮ್ಮ ಹಾಗೆ ಅಲ್ಲ! ಮಗಳ ಕೈ ಹಾಗಾಗಿರುವಾಗ ಇವಳಿಗೆ ಈ ಮಾತು. ಕೆನ್ನೆಗೆ ಒಂದು ಕೊಟ್ಟೆ. ಅವಳು ಕಪಾಟಿನ ಮೇಲೆ ಹೋಗಿ ಬಿದ್ದಳು. ಮೀನಿನ ತಟ್ಟೆ ಕೆಳಗೆ ಬಿತ್ತು. ಮಗಳು ಜಗಲಿಯಿಂದ ‘ಎಂತ ಬಿದ್ದದ್ದು ಅಮ್ಮ?’ ಎಂದು ಕೇಳಿದಳು. ‘ಎಂತ ಇಲ್ಲ ಮಗಾ, ಬೆಕ್ಕು’ ಎಂದಳು ಅಮ್ಮಣಿ.

ಆದರೂ ನಾನು ನ್ಯಾಯವಂತ, ಒಂದು ಸಲ ವಿಚಾರಿಸದೆ ಹೊರಡುವುದು ಬೇಡ ಎಂದು ಸಿದ್ಧಕಟ್ಟೆಯ ಮೆಡಿಕಲ್ ಶಾಪಿಗೆ ಹೋದೆ. ‘ರಕ್ತ ತೆಗೆದ ಗುರುತು ಎಷ್ಟು ದಿನ ಇರ್ತದೆ?’ ಎಂದು ಕೇಳಿದೆ. ಅಂಗಡಿಯವ ‘ಎರಡು ದಿನ, ಹೆಚ್ಚೆಂದರೆ ನಾಲ್ಕು ದಿನ. ಆದರೆ ಕೆಲವರಿಗೆ...’ ಎಂದು ಎಂತದೋ ಮುಂದುವರಿಸಿದ. ನನಗೆ ಬೇಕಾದದ್ದು ಸಿಕ್ಕಿತ್ತು. ಅವನ ‘ಆದರೆ’ ಕೇಳುವಷ್ಟು ಪುರುಸೊತ್ತು ನನಗೆ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೋರೆಯಲ್ಲಿ ಕಲ್ಲು ತುಂಬಿಸಿದೆ. ಮೂಡುಬಿದಿರೆಯಲ್ಲಿ ಒಬ್ಬರ ಮನೆಯ ಗೋಡೆಗೆ ಬೇಕಾದ ಕಲ್ಲು ಅದು. ಕೈಕಂಬದಲ್ಲಿ ಬಲಕ್ಕೆ ತಿರುಗಬೇಕಾದವನು ತಿರುಗಲಿಲ್ಲ. ಬಂಟ್ವಾಳದ ದಾರಿ ಹಿಡಿದೆ. ಸೇತುವೆ ದಾಟಿ ಪಾಣೆಮಂಗಳೂರಿನ ಪೇಟೆಯಲ್ಲಿ, ಲೋಡು ಲಾರಿಯನ್ನು ಅವನ ಅಂಗಡಿಯ ಎದುರೇ ಅಡ್ಡ ನಿಲ್ಲಿಸಿದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಹೊಡೆಯಲಿ. ಸೀಟಿನ ಅಡಿಯಿಂದ ಜಾಕಿ ಲಿವರ್ ತೆಗೆದುಕೊಂಡು ಇಳಿದೆ.

ದಯಾನಂದ ಶಾಲೆಯ ಯೂನಿಫಾರಂ ಬಟ್ಟೆ ಕತ್ತರಿಸುತ್ತಿದ್ದ. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ದೊಡ್ಡ ಕತ್ತರಿ. ಒಳಗೆ ಬ್ಲೌಸಿನ ಅಳತೆ ಕೊಡಲು ಬಂದ ಇಬ್ಬರು ಹೆಂಗಸರು, ಮಿಷನ್ನಿನ ಹಿಂದೆ ಗುಂಡಿ ಹಾಕುವ ಮುದುಕ. ನನ್ನನ್ನು ನೋಡಿ ಅವನ ಮುಖ ಅರಳಿತು. ‘ಬನ್ನಿ ಮಾವ, ಕೂತುಕೊಳ್ಳಿ. ಭವ್ಯ ಹೇಗಿದ್ದಾಳೆ? ಕೈಗೆ ಶಾಖ ಕೊಡ್ತಾಳಾ?’

ಕೈಯ ಸುದ್ದಿ ಅವನೇ ಎತ್ತಿದನಲ್ಲ! ನಾಚಿಕೆ ಇಲ್ಲದವ! ನನ್ನ ಎಡಗೈಯ ಮುಷ್ಟಿ ಅವನ ಬಾಯಿಗೆ ಬಿತ್ತು. ತುಟಿ ಒಡೆಯಿತು, ಬಿಳಿ ಬಟ್ಟೆಯ ಮೇಲೆ ರಕ್ತ ಚಿಮ್ಮಿತು. ಹೆಂಗಸರು ಕಿರುಚುತ್ತಾ ಹೊರಗೆ ಓಡಿದರು. ಅವನು ಹಿಂದಕ್ಕೆ ವಾಲಿ ಮೇಜು ಹಿಡಿದುಕೊಂಡ. ಕುತ್ತಿಗೆಯ ಟೇಪನ್ನು ಹಿಡಿದು ಎಳೆದೆ, ಮುಖ ನೀಲಿಯಾಗುವವರೆಗೆ ಎಳೆದೆ. ಅವನ ಬಲಗೈಯಲ್ಲಿ ಕತ್ತರಿ ಇನ್ನೂ ಇತ್ತು. ಒಂದೂವರೆ ಗೇಣಿನ ಕತ್ತರಿ, ತುದಿ ನನ್ನ ಹೊಟ್ಟೆಯ ನೇರಕ್ಕೆ. ಅವನು ಅದನ್ನು ಮೇಜಿನ ಮೇಲೆ ಇಟ್ಟ. ನನಗೆ ತಾಗದ ಹಾಗೆ ದೂರ ಇಟ್ಟ. ಅದನ್ನು ನಾನು ನೋಡಿದೆ, ನೋಡಿಯೂ ನಿಲ್ಲಿಸಲಿಲ್ಲ.

‘ಯಾವ ಕೈಯಲ್ಲಿ ಹೊಡೆದದ್ದು? ಹೇಳು, ಯಾವ ಕೈ?’

‘ಯಾರಿಗೆ ಮಾವ? ಎಂತ...’

ಮಂಡಿಯಿಂದ ಹೊಟ್ಟೆಗೆ ಗುದ್ದಿದೆ. ಹೊಲಿಗೆ ಮಿಷನ್ನಿನ ಮೇಲೆ ಬಿದ್ದ, ಮಿಷನ್ ಮಗುಚಿತು. ನಾನು ಲಿವರ್ ಎತ್ತಿದಾಗ ಮುಖಕ್ಕೆ ಬೀಳದಿರಲಿ ಎಂದು ಬಲಗೈ ಅಡ್ಡ ಹಿಡಿದ. ಅದೇ ಕೈ ನನಗೆ ಬೇಕಾದದ್ದು. ಮಣಿಕಟ್ಟಿಗೂ ಮೊಣಕೈಗೂ ನಡುವೆ ಬಿತ್ತು ಏಟು. ಹಸಿ ಕಟ್ಟಿಗೆ ಮುರಿದ ಹಾಗೆ ಶಬ್ದವಾಯಿತು. ಅವನು ಕೂಗಲಿಲ್ಲ, ಬಾಯಿ ತೆರೆದು ಉಸಿರು ಸಿಗದವನ ಹಾಗೆ ನೋಡಿದ. ಕೈ ಬಾಗಬಾರದ ಕಡೆ ಬಾಗಿತ್ತು. ಇನ್ನೊಂದು ಏಟು ಅಲ್ಲಿಗೇ ಹಾಕಿದೆ. ಆಗ ಕೂಗಿದ. ಸೇತುವೆಯವರೆಗೂ ಕೇಳಿಸಿರಬೇಕು.

ಹಿಂದಿನಿಂದ ಯಾರೋ ನನ್ನನ್ನು ಅಪ್ಪಿ ಹಿಡಿದರು. ಪಕ್ಕದ ಒಣಮೀನಿನ ಅಂಗಡಿಯ ಅಬ್ದುಲ್ ಹಕೀಂ. ನನಗಿಂತ ದಪ್ಪ ಜನ, ಬಿಡಿಸಿಕೊಳ್ಳಲು ಆಗಲಿಲ್ಲ.

‘ಹುಚ್ಚು ಹಿಡಿದಿದೆಯಾ ಕುಶಾಲಪ್ಪಣ್ಣ ನಿಮಗೆ? ಸಾಯ್ತಾನೆ ಅವ!’

‘ಸಾಯಲಿ! ಬಸುರಿ ಹೆಂಡತಿಯ ಕೈ ತಿರುಚಿದವ ಬದುಕಿ ಎಂತ ಆಗಬೇಕು? ಮಗಳ ಎಡಗೈ ನೋಡಿದ್ದೇನೆ ನಾನು!’

‘ಎಡಗೈಯಾ?’ ಹಕೀಂ ನನ್ನನ್ನು ತಿರುಗಿಸಿ ಗೋಡೆಗೆ ಒತ್ತಿದ. ‘ಅಲ್ಲ ಮಾರಾಯ್ರೆ, ಅದು ಲ್ಯಾಬಿನವರು ಚುಚ್ಚಿದ್ದು! ಆ ದಿನ ಜೊತೆಗೆ ಹೋದದ್ದು ನನ್ನ ಹೆಂಡತಿ ರಹ್ಮತ್. ಸಕ್ಕರೆ ನೀರು ಕುಡಿದು ವಾಂತಿ ಆಯ್ತು ಅಂತ ಟೆಸ್ಟ್ ಅರ್ಧದಲ್ಲಿ ಹೋಯ್ತು. ಎರಡು ದಿನ ಬಿಟ್ಟು ಪುನಃ ಮಾಡಿದ್ರು. ಬಲಗೈಯಲ್ಲಿ ನರ ಸಿಗಲಿಲ್ಲ, ಎಲ್ಲ ಎಡಗೈಗೇ ಚುಚ್ಚಿದ್ದು, ಐದೋ ಆರೋ ಸಲ. ರಬ್ಬರ್ ಪಟ್ಟಿ ಕಟ್ಟಿ ಕಟ್ಟಿ ತೋಳೆಲ್ಲ ನೀಲಿ ಆಗಿತ್ತು. ನಿಮ್ಮ ಮಗಳ ಕೈ ಹಿಡಿದುಕೊಂಡು ಕೂತದ್ದು ನನ್ನ ರಹ್ಮತ್!’

‘ಹಾಗಾದ್ರೆ ಕೈ ತೋರಿಸಬೇಡ ಅಂದದ್ದು ಯಾಕೆ ಇವ? ನಾನು ಕಿವಿಯಾರೆ ಕೇಳಿದ್ದೇನೆ!’

ನೆಲದಿಂದ ದಯಾನಂದನ ಸ್ವರ ಬಂತು. ಬಾಯಿ ತುಂಬ ರಕ್ತ. ‘ಮಾವ... ಡಾಕ್ಟ್ರು ಉಜ್ಜಬಾರದು ಅಂದಿದ್ದಾರೆ. ನೋಡಿದ್ರೆ ಅತ್ತೆಯಂದಿರು ಎಣ್ಣೆ ಹಾಕಿ ಉಜ್ಜದೆ ಬಿಡುವುದಿಲ್ಲ. ಅದಕ್ಕೆ ಉದ್ದ ತೋಳು... ಹೊಲಿದೆ.’

ಅಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಯಾಕೆ ಎಂದು ಈಗ ಹೇಳಬಲ್ಲೆ. ಅವನು ಹೇಳಿದ್ದು ನಿಜವಾದರೆ ನಾನು ಮಾಡಿದ್ದು ಎಂತ? ಅದನ್ನು ಯೋಚಿಸುವುದಕ್ಕಿಂತ ಅವನು ಸುಳ್ಳ ಎಂದುಕೊಳ್ಳುವುದೇ ಸುಲಭ ಇತ್ತು. ‘ಸುಳ್ಳು! ಎಲ್ಲರೂ ಸೇರಿ ಸುಳ್ಳು ಹೇಳ್ತೀರಿ!’ ಎಂದು ಕಿರುಚಿ, ಹಕೀಮನ ಹಿಡಿತದಲ್ಲಿದ್ದುಕೊಂಡೇ ಬಿದ್ದವನ ಪಕ್ಕೆಗೆ ಒದ್ದೆ. ಆಗ ಹಕೀಂ ನನ್ನ ಕಪಾಳಕ್ಕೆ ಒಂದು ಬಿಟ್ಟ. ಅಪ್ಪ ಸತ್ತ ಮೇಲೆ, ಈ ಐವತ್ತೆಂಟರ ಪ್ರಾಯದಲ್ಲಿ, ನನಗೆ ಬಿದ್ದ ಮೊದಲ ಪೆಟ್ಟು ಅದು. ಕಿವಿ ಗುಂಯ್ ಎಂದಿತು. ಅಷ್ಟರಲ್ಲಿ ಪೇಟೆ ಇಡೀ ಸೇರಿತ್ತು, ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು.

ಠಾಣೆಯಲ್ಲಿ ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದರು. ಅಳಿಯನನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿದರಂತೆ. ಎರಡು ಎಲುಬೂ ತುಂಡು, ರಾಡ್ ಹಾಕಬೇಕು, ಬೆರಳು ಮೊದಲಿನ ಹಾಗೆ ಆಡುತ್ತದೋ ಇಲ್ಲವೋ ಈಗ ಹೇಳಲು ಆಗುವುದಿಲ್ಲ ಎಂದು ಅವನ ಜೊತೆ ಹೋಗಿದ್ದ ಹಕೀಂ ಆಸ್ಪತ್ರೆಯಿಂದ ಫೋನಿನಲ್ಲಿ ಎಸ್‌ಐಗೆ ಹೇಳುವುದು ನನಗೂ ಕೇಳಿಸಿತು. ಎಸ್‌ಐ ಚಿಕ್ಕ ಪ್ರಾಯದವನು. ಗಟ್ಟಿಯಾಗಿ ಮಾತಾಡದೆ ‘ಕೂತುಕೊಳ್ಳಿ’ ಎನ್ನುತ್ತಿದ್ದ. ಒಬ್ಬಳು ಮಹಿಳಾ ಪೊಲೀಸ್ ಬರೆದುಕೊಳ್ಳುತ್ತಿದ್ದಳು.

ಎರಡು ಗಂಟೆಗೆ ಮಗಳು ಮತ್ತು ಅಮ್ಮಣಿ ಆಟೋದಲ್ಲಿ ಬಂದರು. ಮಗಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ನಾನು ಎದ್ದು ನಿಂತೆ. ‘ಭವ್ಯಾ, ನೀನು ಯಾಕೆ ಬಂದದ್ದು ಈ ಬಿಸಿಲಿಗೆ’ ಎಂದೆ. ಅವಳು ನನ್ನನ್ನು ದಾಟಿ ಎಸ್‌ಐಯ ಮೇಜಿಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲ್ ಇಟ್ಟಳು. ಲ್ಯಾಬಿನ ಎರಡು ರಶೀದಿ, ಡಾಕ್ಟರ ಚೀಟಿ. ಆಮೇಲೆ ತೋಳು ಮೇಲೆ ಸರಿಸಿ ಕೈಯನ್ನು ಮೇಜಿನ ಮೇಲೆ ಚಾಚಿದಳು. ಮೂರು ಗಂಟುಗಳೂ ಟ್ಯೂಬ್‌ಲೈಟಿನ ಬೆಳಕಿಗೆ ಕಂಡವು. ಅವುಗಳ ಪಕ್ಕದಲ್ಲೇ ಸೂಜಿಯ ಸಣ್ಣ ಕಪ್ಪು ಚುಕ್ಕೆಗಳು. ಅವನ್ನು ನಾನು ಸೋಮವಾರ ನೋಡಿರಲಿಲ್ಲ. ಅಲ್ಲ, ಹುಡುಕಿಯೇ ಇರಲಿಲ್ಲ.

‘ನಿಮ್ಮ ಮಗಳು ನಿಮಗೆ ಇದು ರಕ್ತ ತೆಗೆದದ್ದು ಅಂತ ಹೇಳಿದ್ರಾ?’ ಎಸ್‌ಐ ನನ್ನನ್ನು ಕೇಳಿದ.

‘ಹೇಳಿದ್ಲು ಸಾರ್.’

‘ಮತ್ತೆ ಯಾಕೆ ನಂಬಲಿಲ್ಲ?’

ನಾನು ನನ್ನ ಪರವಾಗಿ ಹೇಳಬೇಕಾದದ್ದನ್ನು ಹೇಳಿದೆ. ‘ಸಾರ್, ಹೊಡೆತ ತಿಂದವರು ಎಲ್ಲರೂ ಹೀಗೇ ಹೇಳೋದು. ಬಿದ್ದೆ ಅಂತಾರೆ, ತಾಗಿತು ಅಂತಾರೆ, ನೆಲ ನೋಡ್ತಾರೆ. ಪೆಟ್ಟಿನ ಗುರುತು ನನಗೆ ಚೆನ್ನಾಗಿ ಗೊತ್ತುಂಟು. ಮೂವತ್ತು ವರ್ಷದಿಂದ ನೋಡಿದ್ದೇನೆ.’

‘ಎಲ್ಲಿ ನೋಡಿದ್ದು?’

ಬರೆಯುತ್ತಿದ್ದವಳು ಪೆನ್ನು ಎತ್ತಿ ನನ್ನನ್ನೇ ನೋಡಿದಳು. ನಾನು ಅಮ್ಮಣಿಯ ಕಡೆ ತಿರುಗಿದೆ. ಇಂಥ ಹೊತ್ತಿಗೆ ಯಾವಾಗಲೂ ಎಂತಾದರೂ ಹೇಳಿ ಮುಚ್ಚುವವಳು ಅವಳೇ.

ಅಮ್ಮಣಿ ಕುರ್ಚಿಯಿಂದ ಎದ್ದಳು. ಅವಳ ಎಡಕೆನ್ನೆ ಬಾತಿತ್ತು, ಬಣ್ಣ ತಿರುಗಲು ಶುರುವಾಗಿತ್ತು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದವಳು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: ‘ನನ್ನ ಮೈಮೇಲೆ ಸಾರ್.’

‘ಏ ಅಮ್ಮಣಿ!’ ಎಂದು ನಾನು ಮುಂದೆ ಹೋದೆ. ಕೈ ಮೇಲೆ ಹೋಗಿತ್ತು. ಠಾಣೆಯಲ್ಲಿದ್ದೇನೆ ಎಂಬ ನೆನಪೂ ಇಲ್ಲದೆ, ಹ್ಞಾಂ, ಅದು ತಾನಾಗಿ ಹೋಗಿತ್ತು. ಒಬ್ಬ ಪೊಲೀಸ್ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿ ಬೆಂಚಿನ ಮೇಲೆ ಕೂರಿಸಿದ. ಅಮ್ಮಣಿ ಕದಲಲಿಲ್ಲ.

‘ತಾನು ಕಳ್ಳ, ಪರರ ನಂಬ ಅಂತ ಗಾದೆ ಉಂಟು ಸಾರ್’ ಎಂದಳು. ‘ಇವರಿಗೆ ಆದದ್ದು ಅಷ್ಟೇ. ಮಗಳ ಕಂಪ್ಲೇಂಟ್ ಬರೆದಾದ ಮೇಲೆ ನನ್ನದೂ ಬರೆದುಕೊಳ್ಳಿ.’

‘ಅಮ್ಮ, ಕೂತುಕೊಂಡು ಹೇಳಿ’ ಎಂದಳು ಮಗಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಮಗಳ ಎದುರು ಹೊಡೆಯಲಿಲ್ಲ ಎಂಬ ನನ್ನ ನಿಯಮ ಎಷ್ಟು ಚಂದ ನಡೆದಿತ್ತು ಎಂದು ಆಗ ಗೊತ್ತಾಯಿತು. ಗೋಡೆಗೆ ಕಿವಿ ಇಟ್ಟು ಬೆಳೆದ ಹುಡುಗಿ ಅವಳು.

ಅಮ್ಮಣಿ ಹೇಳುತ್ತಾ ಹೋದಳು. ಮದುವೆಯಾಗಿ ಹನ್ನೊಂದನೆಯ ದಿನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ತಮ್ಮನ ಮದುವೆಗೆ ಬೆಳ್ತಂಗಡಿಗೆ ಹೋಗಿ ಒಂದು ದಿನ ಹೆಚ್ಚು ನಿಂತದ್ದಕ್ಕೆ. ಭವ್ಯ ಹತ್ತನೆಯ ತರಗತಿಯಲ್ಲಿರುವಾಗ ಫೀಸು ಕೇಳಿದ್ದಕ್ಕೆ, ಆವತ್ತು ಹಲ್ಲು ಹೋದದ್ದು. ನನಗೆ ಅರ್ಧಕ್ಕರ್ಧ ನೆನಪೇ ಇರಲಿಲ್ಲ. ಅವಳಿಗೆ ವಾರ ಸಹಿತ ನೆನಪಿತ್ತು. ಅಳಲಿಲ್ಲ, ಏರು ಸ್ವರ ಮಾಡಲಿಲ್ಲ. ಬರೆಯುವವಳು ಇನ್ನೊಂದು ಹಾಳೆ ತೆಗೆದಳು.

ಇದೆಲ್ಲ ಗಂಡ ಹೆಂಡಿರ ವಿಷಯ, ಇವಳಿಗೆ ಇವತ್ತು ಯಾರೋ ತಲೆ ತಿರುಗಿಸಿದ್ದಾರೆ, ಮನೆಗೆ ಹೋದರೆ ಸರಿಯಾಗುತ್ತದೆ ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಹೆರಿಗೆ ಆಗುವಾಗ ಎಲ್ಲ ಮರೆಯುತ್ತದೆ, ಮೊಮ್ಮಗುವಿನ ಮುಖ ನೋಡಿದರೆ ಯಾರ ಸಿಟ್ಟೂ ನಿಲ್ಲುವುದಿಲ್ಲ ಎಂದುಕೊಂಡೆ.

ಆಗ ಅಮ್ಮಣಿ ಮಗಳ ಕೈಯನ್ನು, ನೋವಿಲ್ಲದ ಬಲಗೈಯನ್ನು, ಹಿಡಿದುಕೊಂಡಳು. ‘ಇವಳಿಗಿಂತ ಮೊದಲು ಒಂದು ಇತ್ತು ಸಾರ್. ಐದು ತಿಂಗಳು ತುಂಬಿತ್ತು. ಇವರು ಒದ್ದ ಮರುದಿನ ಹೋಯ್ತು.’

‘ಸುಳ್ಳು!’ ನಾನು ಬೆಂಚಿನಿಂದ ಹಾರಿ ಎದ್ದೆ. ಇದು ಮಾತ್ರ ಸುಳ್ಳು, ದೇವರಾಣೆಗೂ ಸುಳ್ಳು. ಆ ಮಗುವಿಗಾಗಿ ನಾನು ಕೋರೆಯ ಹೊಂಡದಲ್ಲಿ ಕೂತು ಅತ್ತಿದ್ದೇನೆ. ‘ಅದು ನೀನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದಲ್ವಾ! ಡಾಕ್ಟ್ರಿಗೆ ಹೇಳಿದ್ದಿ, ನನ್ನ ಅಮ್ಮನಿಗೆ ಹೇಳಿದ್ದಿ, ನನಗೂ ಹೇಳಿದ್ದಿ!’

ಅಮ್ಮಣಿ ನನ್ನ ಕಡೆ ತಿರುಗಿದಳು. ನೆಲ ನೋಡಲಿಲ್ಲ, ನನ್ನ ಕಣ್ಣನ್ನೇ ನೋಡಿದಳು. ಕನ್ನಡ ಬಿಟ್ಟು ನಮ್ಮ ತುಳುವಿನಲ್ಲಿ, ಬರೆಯುವವಳಿಗಲ್ಲ, ನನಗೊಬ್ಬನಿಗೇ ಹೇಳಿದಳು.

‘ಹೌದು, ಹೇಳಿದ್ದು ನಾನೇ. ಅದೊಂದನ್ನು ನೀವು ನಂಬಿದ್ರಿ.’

ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಆ ರಾತ್ರಿ ಒದ್ದದ್ದು ನೆನಪಿಗೆ ಬಂತು. ಮರುದಿನ ಅವಳು ಬಾವಿಕಟ್ಟೆ ಎಂದಾಗ ನನ್ನ ಎದೆ ಎಷ್ಟು ಹಗುರವಾಗಿತ್ತು ಎಂಬುದೂ ನೆನಪಿಗೆ ಬಂತು. ಪೆಟ್ಟಿನ ಗುರುತು ಗೊತ್ತಿರುವ ದೊಡ್ಡ ಜನ ನಾನು, ಆವತ್ತು ಒಂದು ಪ್ರಶ್ನೆ ಕೇಳಿರಲಿಲ್ಲ.

ಮಗಳು ನಿಧಾನವಾಗಿ ಎದ್ದಳು. ನನ್ನ ಬೆಂಚಿಗೂ ಅವಳ ಕುರ್ಚಿಗೂ ನಡುವೆ ಮೂರು ಅಡಿ ಜಾಗವಿತ್ತು. ಅವಳು ಆ ಕುರ್ಚಿಯನ್ನು ಎಳೆದು ಅಮ್ಮಣಿಯ ಆಚೆ ಬದಿಗೆ ಇಟ್ಟು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನನ್ನ ಕಡೆಗೆ ಬೆನ್ನು ಹಾಕಿ ಕೂತಳು. ‘ಹೇಳಿ ಅಮ್ಮ’ ಎಂದಳು, ‘ಬರೆದು ಮುಗಿದ ಮೇಲೆ ನೀವು ನನ್ನ ಜೊತೆ ಪಾಣೆಮಂಗಳೂರಿಗೇ ಬನ್ನಿ. ಹೆರಿಗೆ ಅಲ್ಲೇ.’